ಒಂದು ಜೆನಿಟ್, ಮೂರು ಕಣ್ಣು

ಸೋವಿಯತ್ ಕಾಲದ ಜೆನಿಟ್-ಇ ಕ್ಯಾಮೆರಾ ಮಸೂರದ ಪ್ರಯೋಗಗಳಿಗೆ ಹೇಳಿ ಮಾಡಿಸಿದಂತಿದೆ. ಮಸೂರ ಕೂರುವ 42 ಮಿ.ಮೀ. ಅಗಲದ ಎಂ42 ತಿರುಪಿನ ಅಂಚಿನಿಂದ ಫಿಲ್ಮಿಗೆ 45.46 ಮಿ.ಮೀ. ಅಂತರ ಎಂಬುದೊಂದು ತಿಳಿದಿದ್ದರೆ, ಮುಂದೆ ಏನನ್ನು ಕೂರಿಸಿದರೂ ಲೆಕ್ಕ ಹಾಕಬಹುದು. ನಾನು ಕಪ್ಪು-ಬಿಳುಪು ಫಿಲ್ಮಿನಲ್ಲಿ ಹೋಲಿಸಿ ನೋಡಿದ್ದು ಮೂರು ಮಾರ್ಪಾಡುಗಳನ್ನು: ಹೀಲಿಯೋಸ್ 44-2 ಮಸೂರದ ಮುಂಗಾಜನ್ನು ತಿರುಗಿಸಿ ಹಾಕುವುದು, ಮಸೂರದ ಬದಲು ಸೂಜಿರಂಧ್ರ ಮತ್ತು ಹಳೆಯ ಕನ್ನಡಕದ ಗಾಜು.

ಮೊದಲನೆಯದು ಎಲ್ಲಕ್ಕಿಂತ ಸುಲಭ. ಹೆಸರು ಕೊರೆದ ಮುಂದಿನ ಬಳೆಯನ್ನು ರಬ್ಬರಿನಿಂದ ಒತ್ತಿ ಬಿಚ್ಚಿ, ಗಾಜನ್ನು ಮಗುಚಿ, ಮತ್ತೆ ಬಿಗಿದರೆ ಮುಗಿಯಿತು. ನಡುವಿನ ಮುಖ ಸ್ಪಷ್ಟವಾಗಿ ಉಳಿದು, ಹಿಂದಿನ ಎಲೆಗಳೆಲ್ಲ ಸುಳಿಯಂತೆ ತಿರುಗಿ ಅಂಚಿನಲ್ಲಿ ಕರಗುತ್ತವೆ. ಬಳೆಯ ಮೇಲಿನ ದೂರದ ಅಂಕೆಗಳನ್ನು ಬಿಟ್ಟು ವ್ಯೂಫೈಂಡರನ್ನೇ ನಂಬಬೇಕು. ಆದರೆ ಸುಳಿಯ ಬೆರಗು ಬೇಗ ತೀರುತ್ತದೆ. ಯಾರು ತೆಗೆದರೂ ಚಿತ್ರ ಒಂದೇ ಥರ ಕಾಣುತ್ತದೆ.

ಸೂಜಿರಂಧ್ರದ ತೊಡಕು ಶಟರಿನದು. ಫಿಲ್ಮಿನಿಂದ ಸುಮಾರು 50 ಮಿ.ಮೀ. ದೂರಕ್ಕೆ 0.3 ಮಿ.ಮೀ. ರಂಧ್ರವೆಂದರೆ, ದೂರವನ್ನು ತೂತಿನ ಅಗಲದಿಂದ ಭಾಗಿಸಿದರೆ, ಎಫ್/167ರ ಆಸುಪಾಸು. 400 ವೇಗದ ಫಿಲ್ಮಿಗೆ ಬಿಸಿಲಿನಲ್ಲಿ ಕಾಲು ಸೆಕೆಂಡು ಬೇಕು, ಜೆನಿಟ್‌ನಲ್ಲಿ 1/30ಕ್ಕಿಂತ ನಿಧಾನವೆಂದರೆ ಒತ್ತಿ ಹಿಡಿದಷ್ಟು ಹೊತ್ತು ಶಟರ್ ತೆರೆದಿರುವ ‘ಬಿ’ ಒಂದೇ. 100ರ ಫಿಲ್ಮು ಹಾಕಿದರೆ ಸುಮಾರು ಒಂದು ಸೆಕೆಂಡು. ಅಷ್ಟನ್ನು ಶಟರ್ ಒತ್ತುವ ಕೇಬಲ್ ಹಿಡಿದು ಎಣಿಸಬಹುದು. ವ್ಯೂಫೈಂಡರಿನಲ್ಲಂತೂ ಕತ್ತಲೆ.

ನನ್ನ ಒಲವು ಕನ್ನಡಕದ ಗಾಜಿನ ಕಡೆಗೆ. ಕಣ್ಣಿನ ಪೊರೆ ತೆಗೆಸಿಕೊಂಡವರಿಗೆ ಹಿಂದೆ ಕೊಡುತ್ತಿದ್ದ ದಪ್ಪ ಕನ್ನಡಕದ +10 ಪವರಿನ ಗಾಜಿನ ಸಂಗಮದೂರ 100 ಮಿ.ಮೀ.; ಮಸೂರವಿಲ್ಲದಾಗ ಕ್ಯಾಮೆರಾದ ಬಾಯಿ ಮುಚ್ಚುವ ಬಾಡಿ ಕ್ಯಾಪಿಗೆ ತೂತು ಕೊರೆದು, ಒಳಗೆ ಕಪ್ಪು ಕಾಗದ ಅಂಟಿಸಿದ ರಟ್ಟಿನ ಕೊಳವೆಯಲ್ಲಿ ಅದನ್ನು ತಿರುಪಿನಿಂದ ಸುಮಾರು 55 ಮಿ.ಮೀ. ಮುಂದೆ ನಿಲ್ಲಿಸಿದರೆ ದೂರದ ಬೆಟ್ಟ ಫೋಕಸ್ ಆಗುತ್ತದೆ, ಕೊಳವೆಯನ್ನು ಇನ್ನಷ್ಟು ಹೊರಗೆಳೆದರೆ ಎದುರಿಗೆ ಕೂತವರ ಮುಖ. ಗಾಜಿನ ಒಳಬಾಗು ವಸ್ತುವಿನ ಕಡೆಗಿರಬೇಕು, ತೂತಿರುವ ರಟ್ಟು ಅದಕ್ಕಿಂತ ಮುಂದೆ. ಅಂಚುಗಳನ್ನು ಹತೋಟಿಗೆ ತರುವ ಈ ಕ್ರಮವನ್ನು ಇಂಗ್ಲೆಂಡಿನ ವಿಜ್ಞಾನಿ ವೊಲಾಸ್ಟನ್ 1812ರಲ್ಲೇ ತೋರಿಸಿದ್ದ. 12.5 ಮಿ.ಮೀ. ತೂತು ಎಫ್/8 ಆಗುತ್ತದೆ, ಚಿತ್ರ ಸಾಕಷ್ಟು ಬಿಗಿಯಾಗಿರುತ್ತದೆ. 25 ಮಿ.ಮೀ.ಗೆ ಹಿಗ್ಗಿಸಿದರೆ ಬಿಳಿ ಕೂದಲಿನ, ಮೂಗುಬೊಟ್ಟಿನ ಸುತ್ತ ಬೆಳಕು ಹಬ್ಬುತ್ತದೆ. 1912ರ ವೆಸ್ಟ್ ಪಾಕೆಟ್ ಕೊಡಕ್‌ನ ಒಂಟಿ ಮಸೂರದ ಮುಂದೆ ತೂತನ್ನು ಕಿರಿದಾಗಿಸುವ ಬಳೆಯನ್ನು ಕಿತ್ತು ಜಪಾನಿನ ಹವ್ಯಾಸಿಗಳು ಪಡೆಯುತ್ತಿದ್ದ ಹೊಳಪೂ ಇದೇ ಜಾತಿಯದು. ಮಬ್ಬು ಎಷ್ಟಿರಬೇಕೆಂದು ಇಲ್ಲಿ ನಾವೇ ನಿರ್ಧರಿಸಬಹುದು. ಹೀಲಿಯೋಸಿನಲ್ಲಿ ಸಿಕ್ಕಿದ್ದನ್ನು ಒಪ್ಪಿಕೊಳ್ಳಬೇಕು.

ಒಂಟಿ ಗಾಜು ನೀಲಿ ಬಣ್ಣವನ್ನು ಬೇರೆಡೆ ಫೋಕಸ್ ಮಾಡುವುದರಿಂದ ಹಳದಿ ಫಿಲ್ಟರ್ ಹಾಕಿದರೆ ಒಳ್ಳೆಯದು. ಫೋಕಸ್ ಮಾಡುವಾಗ ಯಾವ ರಟ್ಟಿತ್ತೋ ಶಟರ್ ಒತ್ತುವಾಗಲೂ ಅದೇ ಇರಬೇಕು, ಏಕೆಂದರೆ ತೂತಿನ ಅಳತೆ ಬದಲಾದರೆ ಫೋಕಸ್ ಕೂಡ ಜಾಗ ಬಿಟ್ಟು ಸರಿಯುತ್ತದೆ.