ತಾರಸಿ ಮೇಲಿನ ಡಾರ್ಟ್ಸ್ ಕಟ್ಟೆ: ಬೇಸಿಗೆ, ಆಷಾಢ ಎರಡನ್ನೂ ದಾಟಿದ ಮೇಲೆ

ಡಾರ್ಟ್ಸ್ ಅಂದ್ರೆ ಗೋಡೆಯ ದುಂಡು ಬೋರ್ಡಿಗೆ ಚಿಕ್ಕ ಬಾಣ ಎಸೆಯುವ ಆಟ. ನಿಮ್ಮ ಮನೆಯ ನೆಲ ಸಮ ಇದ್ದರೆ ಇದನ್ನಾಡಲು ನಿಲ್ಲುವ ಕಟ್ಟೆ ಮಾಡಿಸುವ ಗೋಜಿಗೆ ಹೋಗಬೇಡಿ. ನೆಲಕ್ಕೇ ಒಂದು ಮರದ ಪಟ್ಟಿ ಕೂರಿಸಿ ಆಡಿ, ಸಾಕು. ಟಿವಿಯಲ್ಲಿ ಆಟಗಾರರು ವೇದಿಕೆ ಮೇಲೆ ನಿಂತು ಎಸೆಯುತ್ತಾರಲ್ವಾ, ಆ ಎತ್ತರದಿಂದ ಲಾಭ ಏನೂ ಇಲ್ಲ. ನೀವು 10 ಸೆಂ.ಮೀ. ಮೇಲೆ ನಿಂತರೆ ಬೋರ್ಡೂ ಅಷ್ಟೇ ಮೇಲೆ ಹೋಗಬೇಕು. ಬುಲ್‌ನ, ಅಂದ್ರೆ ಬೋರ್ಡಿನ ನಟ್ಟನಡುವಿನ ಗುರಿಯ, ಎತ್ತರ 1.73 ಮೀಟರ್ ಅನ್ನುವ ಲೆಕ್ಕ ನೀವು ನಿಂತ ಜಾಗದಿಂದ, ಗೋಡೆ ಬುಡದಿಂದ ಅಲ್ಲ.

ನಮ್ಮ ಕಥೆ ಬೇರೆ. ಚಿತ್ರದುರ್ಗದಲ್ಲಿ ತಾರಸಿ ಮೇಲೆ ಶೀಟ್ ಹಾಕಿಸಿದ ಜಾಗ ನಮ್ಮದು. ಮಳೆನೀರು ಹರಿಯಲಿ ಅಂತ ಗಾರೆಯವರು ಇಳಿಜಾರು ಕೊಟ್ಟಿದ್ದಾರೆ. ಬೋರ್ಡಿನ ಗೋಡೆಯಿಂದ ನಿಲ್ಲುವ ಜಾಗಕ್ಕೆ ಬರುವಷ್ಟರಲ್ಲಿ ಒಂದಿಂಚು ತಗ್ಗು. ಒಂದಿಂಚು ಏನು ಮಹಾ ಅನ್ನಬೇಡಿ. ಮೂರು ಪಟ್ಟು ಅಂಕ ಕೊಡುವ ಟ್ರಿಬಲ್ ಪಟ್ಟಿಯ ಅಗಲವೇ 8 ಮಿ.ಮೀ. ಒಂದಿಂಚಲ್ಲಿ ಅಂಥ ಮೂರು ಪಟ್ಟಿ ಹಿಡಿಸುತ್ತವೆ. ಮನೆ ಬೋರ್ಡಿಗೆ ಕೈ ಒಗ್ಗಿಬಿಡುತ್ತದೆ, ನಿಜ. ಬೇರೆ ಕಡೆ ಆಡಲು ಹೋದರೆ ಎಸೆದದ್ದೆಲ್ಲ ಮೇಲೆ ಮೇಲೆ ಬೀಳುತ್ತದೆ. ಜೊತೆಗೆ ಇಳಿಜಾರಿನಲ್ಲಿ ನಿಂತಾಗ ಬೆರಳು ಮೇಲೆ, ಹಿಮ್ಮಡಿ ಕೆಳಗೆ. ಮುಂದಕ್ಕೆ ಬಾಗಿ ನಿಲ್ಲುವವರಿಗೆ ಮೀನಖಂಡ ಹಿಡಿದುಕೊಳ್ಳುತ್ತದೆ.

ಹಾಗಾಗಿ ಮರದ ಕಟ್ಟೆ. ಎಂಟಕ್ಕೆ ನಾಲ್ಕಡಿಯ, 19 ಮಿ.ಮೀ. ದಪ್ಪದ ಪ್ಲೈವುಡ್ ಹಾಳೆ ತಂದು ಸರಿ ಅರ್ಧಕ್ಕೆ ಕೊಯ್ಸಿದೆವು. ಒಂದರ್ಧ ಕಟ್ಟೆಗೆ, ಇನ್ನರ್ಧ ಬೋರ್ಡಿನ ಹಿಂದೆ ಗೋಡೆಗೆ. ಕೆಳಗೆ ಅಡಿಗೊಂದರಂತೆ ಅಡ್ಡಮರ. ಇದಕ್ಕಿಂತ ದೂರ ಕೊಟ್ಟರೆ ಕಾಲ ಕೆಳಗೆ ಹಲಗೆ ಕುಣಿಯುತ್ತದೆ. ನಾಲ್ಕಡಿ ಅಗಲ ಜಾಸ್ತಿ ಅನ್ನಿಸಬಹುದು, ಅಲ್ಲ. ಬೋರ್ಡಿಗೆ ಆಗಲೇ ಚುಚ್ಚಿದ ಬಾಣ ಗುರಿಗೆ ಅಡ್ಡ ಬಂದಾಗ ಪಕ್ಕಕ್ಕೆ ಸರಿದು ಎಸೆಯುವುದಕ್ಕೆ ಅಷ್ಟು ಬೇಕೇ ಬೇಕು.

ಅಳತೆಗೆ ದುಬಾರಿ ಉಪಕರಣ ಏನೂ ಬೇಡ. ಗಾರೆಯವರ ನೀರಿನ ಲೆವೆಲ್ ಪೈಪು ಸಾಕು. ಒಂದು ತುದಿ ಕಟ್ಟೆಯ ಮೇಲ್ಮೈಗೆ ಹಿಡಿದು, ಇನ್ನೊಂದು ತುದಿಯಲ್ಲಿ ನೀರು ನಿಂತ ಕಡೆ ಗೋಡೆಗೆ ಗೆರೆ ಹಾಕಿ. ಆ ಗೆರೆಯಿಂದ 173 ಸೆಂ.ಮೀ. ಮೇಲೆ ಬುಲ್. ನಮ್ಮ ಕಟ್ಟೆ 10 ಸೆಂ.ಮೀ., ಇಳಿಜಾರು ಎರಡೂವರೆ. ಹಾಗಾಗಿ ಗೋಡೆ ಬುಡದಿಂದ ಅಳೆದರೆ ಬುಲ್ 180.5ಕ್ಕೆ ಬಂತು. ದೂರ 2.37 ಮೀಟರ್, ಅದೂ ಗೋಡೆಯಿಂದಲ್ಲ, ಬೋರ್ಡಿನ ಮುಖದಿಂದ. ಅಲ್ಲಿಂದ ದಾರಕ್ಕೆ ಗುಂಡು ಕಟ್ಟಿ ಇಳಿಬಿಟ್ಟು ಅಳೆಯಿರಿ. ಕಾಲು ತಾಗಿಸುವ ಓಕಿ ಪಟ್ಟಿ 38 ಮಿ.ಮೀ. ಎತ್ತರ, 610 ಮಿ.ಮೀ. ಉದ್ದ. ದೂರ ಅಳೆಯಬೇಕಾದ್ದು ಈ ಪಟ್ಟಿಯ ಹಿಂಬದಿಗೆ, ಅಂದ್ರೆ ನಿಮ್ಮ ಬೆರಳು ತಾಗುವ ಕಡೆಗೆ. ಕೊನೆಗೆ ಬುಲ್‌ನಿಂದ ಪಟ್ಟಿಯ ಹಿಂಬದಿಯ ಬುಡಕ್ಕೆ ಓರೆಯಾಗಿ ದಾರ ಎಳೆಯಿರಿ. 2.93 ಮೀಟರ್ ಬಂದರೆ ಎಲ್ಲ ಸರಿ ಇದೆ ಅಂತ.

ಕೈಕೊಟ್ಟದ್ದು ಮೊದಲ ಪ್ಲೈವುಡ್. ಅಂಗಡಿಯವರು "ವಾಟರ್‌ಪ್ರೂಫ್ ಸಾರ್" ಅಂತ ಹೇಳಿ ಕೊಟ್ಟಿದ್ದು ಎಂಆರ್ (ತೇವ ತಾಳುವ) ಗ್ರೇಡು. ಅದು ತೇವ ತಡೆದೀತು, ಎರಚಲು ಮಳೆ ತಡೆಯಲ್ಲ. ಒಂದೇ ಮಳೆಗಾಲಕ್ಕೆ ಅಂಚು ಉಬ್ಬಿ ಪದರ ಬಿಚ್ಚಿಕೊಂಡಿತು. ಕೇಳಲು ಹೋದರೆ ನೀರಲ್ಲಿ ಯಾಕೆ ಇಟ್ಟಿರಿ ಅಂತ ನಮಗೇ ಪ್ರಶ್ನೆ! ಎರಡನೇ ಸಲ ಐಎಸ್ 710 ಮುದ್ರೆ ಇರುವ ಬಿಡಬ್ಲ್ಯುಪಿ (ಕುದಿನೀರನ್ನೂ ತಾಳುವ) ಹಾಳೆಯನ್ನೇ ತಂದೆವು. ಅದು ಇವತ್ತಿಗೂ ಗಟ್ಟಿಯಾಗಿದೆ. ಹಣ ಜಾಸ್ತಿ ಆಗುತ್ತದೆ, ಇದೊಂದರಲ್ಲಿ ಮಾತ್ರ ಕೈ ಬಿಗಿ ಹಿಡಿಯಬೇಡಿ.

ಮೇಲೆ ಹಾಸಿದ್ದು ಹಸುವಿನ ಕೊಟ್ಟಿಗೆಗೆ ಹಾಕುವ ರಬ್ಬರ್ ಮ್ಯಾಟ್. ಇಡೀ ಕೆಲಸದಲ್ಲಿ ನನಗೆ ತುಂಬ ಹಿಡಿಸಿದ್ದು ಇದೇ. ಭಾರ ಇರುವುದರಿಂದ ಜಾರಲ್ಲ, ಅಂಟು ಬೇಡ, ಸದ್ದೂ ಕಡಿಮೆ. ಮ್ಯಾಟ್ ಹಾಸಿದ ಮೇಲೇ ಎತ್ತರ ಅಳೆಯಿರಿ, ಅದರ ದಪ್ಪವೂ ಲೆಕ್ಕಕ್ಕೆ ಬರುತ್ತದೆ. ಉಳಿದ ತುಂಡನ್ನ ಬೋರ್ಡಿನ ಕೆಳಗೆ ಹಾಕಿದ್ದೇವೆ. ಚಿಮ್ಮಿ ಬಿದ್ದ ಬಾಣದ ಮೊನೆ ಸಿಮೆಂಟಿಗೆ ತಾಗಿ ಕೊಕ್ಕೆಯಾದರೆ, ಆಮೇಲೆ ಅದೇ ಬಾಣ ಬೋರ್ಡಿನ ಸಿಸಾಲ್ ನಾರು ಕಿತ್ತು ತರುತ್ತದೆ. ಬೇಸಿಗೆಯಲ್ಲಿ ಶೀಟಿನ ಕಾವಿಗೆ ರಬ್ಬರ್ ವಾಸನೆ ಮಾತ್ರ ತಪ್ಪಿದ್ದಲ್ಲ.

ಆಷಾಢದ ಗಾಳಿಗೆ ಕಟ್ಟೆ ಏನೂ ಮಾಡಲಾರದು. ಗುಡ್ಡದ ಮೇಲೆ ಅಷ್ಟೊಂದು ಗಾಳಿಯಂತ್ರ ಸುಮ್ನೆ ನಿಲ್ಲಿಸಿದ್ದಾರಾ? ಪಡುವಣ ಬದಿಗೆ ಟಾರ್ಪಾಲ್ ಕಟ್ಟಿದ ಮೇಲೂ ಪ್ಲಾಸ್ಟಿಕ್ ಮೊನೆಯ ಹಗುರ ಬಾಣ ದಾರಿ ತಪ್ಪುತ್ತದೆ. 24 ಗ್ರಾಮಿನ ಸ್ಟೀಲ್ ಮೊನೆಯದ್ದಾದರೆ ಅಡ್ಡಿಯಿಲ್ಲ.

ಇನ್ನು ಚೇಳು. ಕಟ್ಟೆಯ ಅಡಿ ಕತ್ತಲೆ, ಬೆಚ್ಚಗೆ, ಅವಕ್ಕೆ ಇನ್ನೇನು ಬೇಕು? ಇಬ್ಬರು ಹಿಡಿದು ಆಗಾಗ ಎತ್ತಿ ಗುಡಿಸುತ್ತೇವೆ. ನೆಲಕ್ಕೆ ಬೋಲ್ಟ್ ಹಾಕಿಸದಿದ್ದಕ್ಕೆ ಅದೇ ಕಾರಣ. ಹಿಂದಿನ ಅಂಚಿಗೆ ಹಳದಿ ಟೇಪ್ ಅಂಟಿಸಿ. ಟ್ರಿಬಲ್ ಬಿದ್ದ ಖುಷಿಗೆ ಹಿಂದೆ ಹೆಜ್ಜೆ ಇಟ್ಟು ಎಡವುವ ನೆಂಟರು ನಮ್ಮಲ್ಲಿ ಬೇಕಾದಷ್ಟು ಇದ್ದಾರೆ.

ಯುಗಾದಿ ಹೊತ್ತಿಗೆ ಒಣಗಾಳಿಗೆ ಮರ ಕುಗ್ಗಿ ಕೀರಲು ಶುರು. ಸ್ಕ್ರೂ ಬಿಗಿ ಮಾಡಿದರೆ ನಿಲ್ಲುತ್ತದೆ, ಮುಂದಿನ ವರ್ಷ ಮತ್ತೆ ಬರುತ್ತದೆ. ಹಾಗಾಗಿ ಈಗ ಮಾಡಿಸುವವರಿಗೆ ಕಬ್ಬಿಣದ ಚೌಕ ಪೈಪಿನ ಚೌಕಟ್ಟೇ ಒಳ್ಳೆಯದು ಅಂತ ಹೇಳುತ್ತೇನೆ. ಮೂಲೆಗಳಿಗೆ ತಿರುಗಿಸಿ ಎತ್ತರ ಹೊಂದಿಸುವ ಬೋಲ್ಟ್ ಕಾಲು ಹಾಕಿಸಿ. ನಮ್ಮ ಹಾಗೆ ಕಾಲಿನ ಕೆಳಗೆ ಚಕ್ಕೆ ತುರುಕುವ ಕೆಲಸ ತಪ್ಪುತ್ತದೆ.