ಪಟಿಕದ ಪುಡಿ, ಒಂದು ತಕ್ಕಡಿ, ಒಂದು ಸಹಿ: ಬಣ್ಣದ ಸಾಮಾನು ತರುವವರು ದಯವಿಟ್ಟು ಓದಿ

ಇದನ್ನು ಬರೆಯಲೋ ಬೇಡವೋ ಅಂತ ಹನ್ನೊಂದು ದಿನ ಯೋಚನೆ ಮಾಡಿದೆ. ನಾಚಿಕೆ. ಮನೆಯವರು ಬೇಡ ಅಂದರು. ಆದರೆ ನನ್ನ ಹಾಗೆ ಮನೆಯಲ್ಲೇ ಬಟ್ಟೆಗೆ ಗಿಡಮರದ ಬಣ್ಣ ಹಾಕುವವರು, ಸೋಪು ಮಾಡುವವರು ಕೊಡಗಿನಲ್ಲಿ ಈಗ ಸುಮಾರು ಜನ ಇದ್ದೀರಿ. ಸಾಮಾನು ಬೇಕು ಅಂದರೆ ಜಾಸ್ತಿ ಜನ ಮೈಸೂರಿಗೇ ಹೋಗುವುದು ಅಲ್ವಾ? ನನಗಾದದ್ದು ನಿಮಗೆ ಆಗಬಾರದು.

ಚೆಕ್‌ಪೋಸ್ಟಿನಲ್ಲಿ ನನ್ನ ಪಟಿಕವನ್ನು ಮಾದಕ ಪುಡಿ ಅಂದುಕೊಂಡು ತಡೆದು ನಿಲ್ಲಿಸಿದರು. ಮೊದಲೇ ಹೇಳಿಬಿಡುತ್ತೇನೆ. ಹೆಸರು ಬರೆಯದ ಪುಡಿ ಪೊಟ್ಟಣಗಳನ್ನು ಗಾಡಿಯಲ್ಲಿ ತರಬೇಡಿ. ಓದದೆ ಎಲ್ಲೂ ಸಹಿ ಹಾಕಬೇಡಿ. ಎಷ್ಟೇ ನಯವಾಗಿ ಕೇಳಿದರೂ ಹಾಕಬೇಡಿ.

ನನಗೆ 46 ವರ್ಷ. ಮೂರ್ನಾಡು ಕಡೆ ಸಣ್ಣ ತೋಟ. ಮಳೆಗಾಲದಲ್ಲಿ ನಮ್ಮಲ್ಲಿ ಬಟ್ಟೆ ಒಣಗುವುದಿಲ್ಲ, ಹಾಗಾಗಿ ನನ್ನ ಬಣ್ಣದ ಕೆಲಸ ಶುರುವಾಗುವುದು ಮಳೆ ಬಿಟ್ಟ ಮೇಲೆ. ಹಲಸಿನ ಮರದ ಹೊಟ್ಟು ಕುದಿಸಿದರೆ ಹಳದಿ ಬರುತ್ತದೆ. ಮಂಜಿಷ್ಠದ ಬೇರಿನಿಂದ ಕೆಂಪು. ಅಳಲೆಕಾಯಿಗೆ ಕಬ್ಬಿಣದ ನೀರು ಸೇರಿದರೆ ಕಪ್ಪು. ಹೊಟ್ಟನ್ನು ನಮ್ಮೂರ ಆಚಾರಿ ಪುಕ್ಕಟೆ ಕೊಡುತ್ತಾರೆ, ಉಳಿದದ್ದೆಲ್ಲ ದುಡ್ಡು ಕೊಟ್ಟು ತರಬೇಕು. ಬಣ್ಣ ಬಟ್ಟೆಗೆ ಹಿಡಿಯಬೇಕಾದರೆ ಪಟಿಕ ಬೇಕೇ ಬೇಕು. 100 ಗ್ರಾಂ ಬಟ್ಟೆಗೆ ನಾನು 15 ಗ್ರಾಂ ಪಟಿಕ ಹಾಕುತ್ತೇನೆ, ಜೊತೆಗೆ ಒಂದಿಷ್ಟು ವಾಷಿಂಗ್ ಸೋಡಾ. ಅಳತೆ ಕಮ್ಮಿಯಾದರೆ ನಾಲ್ಕು ಒಗೆತಕ್ಕೆ ಬಣ್ಣ ಹೋಯಿತು. ಅದಕ್ಕೇ ಅಂಗೈ ಅಗಲದ ಡಿಜಿಟಲ್ ತಕ್ಕಡಿ ಇಟ್ಟುಕೊಂಡಿದ್ದೇನೆ. ಆ ತಕ್ಕಡಿಯೇ ನನಗೆ ಮುಳುವಾಯಿತು.

ಹುತ್ತರಿ ಹಬ್ಬಕ್ಕೆ ಅಮ್ಮನಿಗೆ ನೀಲಿ ಸೀರೆ ಕೊಡಬೇಕು ಅಂತ ಆಸೆ ಇತ್ತು. ಅಂಗಡಿಯ ನೀಲಿ ಅಲ್ಲ, ನಾನೇ ಅದ್ದಿದ ನೀಲಿ. ನೀಲಿಯ ತೊಟ್ಟಿ ಮಾಡಲು ಒಂದು ಪಾಲು ನೀಲಿ, ಎರಡು ಪಾಲು ಸುಣ್ಣ, ಮೂರು ಪಾಲು ಬೆಲ್ಲ ಬೇಕು. ತೊಟ್ಟಿಯಿಂದ ಎತ್ತಿದಾಗ ಬಟ್ಟೆ ಹಸಿರು ಹಳದಿ ಇರುತ್ತದೆ, ಗಾಳಿ ತಾಗಿದ ಮೇಲೆ ಕಣ್ಣೆದುರೇ ನೀಲಿಯಾಗುತ್ತದೆ. ಎಷ್ಟು ಸಲ ನೋಡಿದರೂ ನನಗೆ ಸಾಲದು.

ಶುಕ್ರವಾರ ಮೈಸೂರಿಗೆ ಹೋದೆ. ಅಲ್ಲಿ ಒಂದು ಗ್ರಂಥಿಗೆ ಅಂಗಡಿಯಲ್ಲಿ ಎಲ್ಲ ಸಿಕ್ಕಿತು. 1 ಕೆಜಿ ಪಟಿಕದ ಪುಡಿ, ಅರ್ಧ ಕೆಜಿ ವಾಷಿಂಗ್ ಸೋಡಾ, ಸುಣ್ಣದ ಪುಡಿ, ಕಾಲು ಕೆಜಿ ನೀಲಿ, ಮಂಜಿಷ್ಠ, ಕಾಚು, ಒಣಗಿಸಿದ ನೀಲಿ ಸೊಪ್ಪು. ಎಲ್ಲವನ್ನೂ ದೊಡ್ಡ ಮೂಟೆಯಿಂದ ತೆಗೆದು ಬಿಳಿ ಕವರಿಗೆ ಹಾಕಿ ಕೊಟ್ಟರು. ಒಂದರ ಮೇಲೂ ಹೆಸರಿಲ್ಲ. ಬಿಲ್ಲು ಅಂದರೆ ಚೀಟಿಯ ಮೇಲೆ ಬರೀ ಒಟ್ಟು ಮೊತ್ತ. ಗೆಳತಿಯರಿಗೆ ಸ್ವಲ್ಪ ಸ್ವಲ್ಪ ಹಂಚೋಣ ಅಂತ ಸಣ್ಣ ಜಿಪ್ ಕವರು ನೂರರ ಕಟ್ಟು ಕೂಡ ತಗೊಂಡೆ. ಹಳೆ ತಕ್ಕಡಿ ಸರಿಯಾಗಿ ತೂಗುತ್ತಿರಲಿಲ್ಲ, ಅದನ್ನು ಅಲ್ಲೇ ಬಿಸಾಕಿ ಹೊಸದು ತಗೊಂಡೆ. ರಾತ್ರಿ ಅಕ್ಕನ ಮನೆಯಲ್ಲಿ ಉಳಿದು, ಶನಿವಾರ ಬೆಳಗ್ಗೆ ಅಕ್ಕನ ಮಗನ ಕಾರಿನಲ್ಲಿ ಹೊರಟೆ.

ಅವನಿಗೆ 22. ಹೆಗಲವರೆಗೆ ಕೂದಲು ಬಿಟ್ಟಿದ್ದಾನೆ, ಕಿವಿಗೆ ಒಂದು ಓಲೆ. ಇಡೀ ದಿನ ಗಿಟಾರ್. ಸಿಗರೇಟು ಕೂಡ ಸೇದುವುದಿಲ್ಲ ಹುಡುಗ.

ಶನಿವಾರ ಅಂದರೆ ಗೊತ್ತಲ್ಲ, ಟೂರಿಸ್ಟ್ ಗಾಡಿಗಳ ಸಾಲು. ಚೆಕ್‌ಪೋಸ್ಟಿನಲ್ಲಿ ಮುಂದಿನ ಐದಾರು ಕಾರುಗಳನ್ನು ಹಾಗೇ ಬಿಟ್ಟರು. ನಮ್ಮದನ್ನು ಪಕ್ಕಕ್ಕೆ ಹಾಕಿಸಿದರು. ಹುಡುಗನ ಕೂದಲು ನೋಡಿಯೇ ನಿಲ್ಲಿಸಿದ್ದು, ಅದರಲ್ಲಿ ನನಗೆ ಅನುಮಾನವೇ ಇಲ್ಲ. ಯಾವ ಚೆಕ್‌ಪೋಸ್ಟ್, ಯಾವ ಅಧಿಕಾರಿ ಅಂತ ಇಲ್ಲಿ ಬರೆಯುವುದಿಲ್ಲ. ತಪಾಸಣೆ ಮಾಡಬಾರದು ಅಂತಲೂ ನಾನು ಹೇಳುತ್ತಿಲ್ಲ. ಗಾಂಜಾ, ಎಂಡಿಎಂಎ ಅನ್ನುವ ಮಾದಕ ಪುಡಿ ಹಿಡಿದ ಸುದ್ದಿ ಪೇಪರಿನಲ್ಲಿ ನಾವೂ ಓದುತ್ತೇವೆ. ನಮ್ಮೂರ ಮಕ್ಕಳೂ ಹಾಳಾಗಿದ್ದಾರೆ. ಹಿಡಿಯಲಿ. ಆದರೆ ಹೇಳಿದ್ದನ್ನು ಒಂದು ನಿಮಿಷ ಕೇಳಬೇಕಲ್ವಾ?

ಡಿಕ್ಕಿ ತೆಗೆಸಿದರು. ಚೀಲ ಬಿಚ್ಚಿದರು. ಒಂದೊಂದೇ ಕವರು ತೆಗೆದು ಟೇಬಲ್ ಮೇಲೆ ಇಟ್ಟರು. ಬಿಳಿ ಪುಡಿ, ಇನ್ನೊಂದು ಬಿಳಿ ಪುಡಿ, ಮತ್ತೊಂದು ಬಿಳಿ ಪುಡಿ. ಒಣಗಿದ ಹಸಿರು ಸೊಪ್ಪು. ಕೊನೆಗೆ ತಕ್ಕಡಿ, ಜಿಪ್ ಕವರಿನ ಕಟ್ಟು. ತಕ್ಕಡಿ ಸಿಕ್ಕಿದ್ದೇ ತಡ ಎಲ್ಲರ ಮುಖ ಬದಲಾಯಿತು.

"ಏನ್ ಮೇಡಂ ಇದು?"

"ಪಟಿಕ ಸಾರ್. ಬಟ್ಟೆಗೆ ಬಣ್ಣ ಹಾಕೋಕೆ."

"ಬಣ್ಣ ಬಿಳಿ ಇರುತ್ತಾ?"

ಬಣ್ಣ ಅದಲ್ಲ, ಅದು ಬಣ್ಣ ಹಿಡಿಯಲು ಹಾಕುವುದು ಅಂತ ಹೇಳಿದೆ. ಕ್ಷೌರದ ಅಂಗಡಿಯಲ್ಲಿ ಗಡ್ಡ ಕೆರೆದ ಮೇಲೆ ಉಜ್ಜುತ್ತಾರಲ್ಲ, ಅದೇ ಅಂದೆ. ಕೆಸರು ನೀರು ತಿಳಿಯಾಗಲು ಹಾಕುತ್ತಾರಲ್ಲ, ಅದೇ ಅಂದೆ. ಅವರು ಹುಡುಗನ ಕಡೆ ನೋಡಿಕೊಂಡೇ ಹೇಳಿದರು: "ತಕ್ಕಡಿ, ಸಣ್ಣ ಕವರು. ಇದು ಸೇದೋರ ಸಾಮಾನಲ್ಲ, ಮಾರೋರದ್ದು. ಎಂಡಿಎಂಎ 10 ಗ್ರಾಂ ಆದ್ರೆ ಸಾಕು, ಕನಿಷ್ಠ 10 ವರ್ಷ. ಇಲ್ಲಿ ಒಂದು ಕೆಜಿ ಇದೆ."

ನನಗೆ ಕೈಕಾಲು ನಡುಗಿತು. ಪಟಿಕ ಅಂತ ನಾಲಿಗೆಗೆ ಇಟ್ಟರೆ ಗೊತ್ತಾಗುತ್ತೆ ಸಾರ್, ಒಗರು ಇರುತ್ತೆ ಅಂದೆ. ಅವರು ಕವರನ್ನು ನನ್ನ ಕಡೆ ತಳ್ಳಿ, "ನೀವೇ ನೆಕ್ಕಿ ತೋರ್ಸಿ" ಅಂದರು.

ನೆಕ್ಕಿದೆ. ಬೆರಳಿಗೆ ಹಚ್ಚಿ ನೆಕ್ಕಿದೆ. ರಸ್ತೆ ಬದಿಯಲ್ಲಿ, ಒಂದು ಟೂರಿಸ್ಟ್ ಬಸ್ಸಿನ ತುಂಬಾ ಜನ ಕಿಟಕಿಯಿಂದ ನೋಡುತ್ತಿರುವಾಗ. ಬಾಯಿಯೆಲ್ಲ ಒಗರು ಒಗರು, ನಾಲಿಗೆ ಬಿಗಿದುಕೊಂಡಿತು. ಇಬ್ಬರು ಫೋನು ಎತ್ತಿ ಹಿಡಿದಿದ್ದರು. ಅವರನ್ನು ಯಾರೂ ತಡೆಯಲಿಲ್ಲ. "ಹತ್ತು ನಿಮಿಷ ನೋಡೋಣ, ಅಮಲು ಬರುತ್ತೋ ಇಲ್ಲವೋ" ಅಂದರು ಆ ಅಧಿಕಾರಿ. ಈ ಮಾತು ರಾತ್ರಿ ಮಲಗಿದಾಗ ಈಗಲೂ ಕಿವಿಯಲ್ಲಿ ಕೇಳುತ್ತದೆ.

ಅಂಗಡಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಎತ್ತಲಿಲ್ಲ. ಕಾಚಿನ ಕವರು ಒಡೆದು ಮೂಸಿದರು. ನೀಲಿಯ ಕವರಿಗೆ ಬಾಟಲಿಯಿಂದ ನೀರು ಸುರಿದರು, ಏನಾಗುತ್ತೆ ನೋಡೋಣ ಅಂತ. 900 ರೂಪಾಯಿ ಕೊಟ್ಟು ತಂದ ನೀಲಿ ಕೆಸರಾಗಿ ಟೇಬಲ್ಲಿನಿಂದ ಕೆಳಗೆ ಹರಿಯಿತು. ದುಡ್ಡು ಹೋಗಲಿ. ಅಮ್ಮನ ಸೀರೆ ಹೋಯಿತು ಅಂತ ಅಲ್ಲೇ ಅಳು ಬಂತು.

ಈಗ ನಾನು ಮೋಸ ಹೋದ ಗಳಿಗೆಗೆ ಬರುತ್ತೇನೆ. ಇದನ್ನು ಬರೆಯಲಿಕ್ಕೇ ಹನ್ನೊಂದು ದಿನ ಬೇಕಾಯಿತು.

ಹುಡುಗನನ್ನು ಜೀಪಿನ ಹಿಂದೆ ಕರೆದುಕೊಂಡು ಹೋದರು. ಇನ್ನೊಬ್ಬ ಅಧಿಕಾರಿ ಬಂದರು. ಇವರು ತುಂಬಾ ನಯ. ಕುರ್ಚಿ ಹಾಕಿಸಿದರು. ನೀರು ಕೊಟ್ಟರು. "ಅಕ್ಕಾ, ನಿಮ್ಮನ್ನ ನೋಡಿದ್ರೆ ಗೊತ್ತಾಗುತ್ತೆ, ನೀವು ಅಂಥೋರಲ್ಲ. ನಮಗೂ ಮೇಲಿನವರಿಗೆ ಲೆಕ್ಕ ಕೊಡಬೇಕು. ಒಂದು ಸಹಿ ಹಾಕಿ, ಸುಮ್ನೆ ಫಾರ್ಮಾಲಿಟಿ, ಇಬ್ಬರೂ ಮನೆಗೆ ಹೋಗಿ" ಅಂದರು. ಎರಡು ಗಂಟೆ ಬೈಸಿಕೊಂಡ ಮೇಲೆ ಯಾರಾದರೂ ಅಕ್ಕಾ ಅಂದರೆ ಮನಸ್ಸು ಕರಗಿಬಿಡುತ್ತದೆ. ಕೈಬರಹ, ಒತ್ತೊತ್ತಾಗಿ ಬರೆದ ಒಂದು ಪುಟ. ಕನ್ನಡಕ ಕಾರಿನಲ್ಲಿತ್ತು. ತರುತ್ತೇನೆ ಅಂದೆ. "ಅಯ್ಯೋ ಏನಿಲ್ಲ ಅಕ್ಕ, ನೀವು ಹೇಳಿದ್ದನ್ನೇ ಬರೆದಿದೆ" ಅಂದರು. ಸಹಿ ಹಾಕಿದೆ.

ಅವರು ಕಾಗದ ತಗೊಂಡು ನೇರ ಜೀಪಿನ ಹಿಂದೆ ಹೋದರು. ಗಟ್ಟಿಯಾಗಿ ಓದಿದರು. ಪುಡಿಗಳು ಗಾಡಿ ಓಡಿಸುತ್ತಿದ್ದ ಯುವಕನಿಗೆ ಸೇರಿದ್ದು, ಅದರ ಬಗ್ಗೆ ನನಗೆ ಏನೂ ತಿಳಿದಿಲ್ಲ ಅಂತ ಅದರಲ್ಲಿತ್ತು. "ನೋಡಪ್ಪಾ, ನಿನ್ನ ಚಿಕ್ಕಮ್ಮನೇ ಬರ್ಕೊಟ್ಟಿದ್ದಾರೆ. ಇನ್ನಾದ್ರೂ ನಿಜ ಹೇಳು" ಅಂದರು.

ಹುಡುಗ ತಿರುಗಿ ನನ್ನನ್ನು ನೋಡಿದ. ಬಾಯಿ ಬಿಡಲಿಲ್ಲ. ಬರೀ ನೋಡಿದ. ನಾನು ಎತ್ತಿ ಆಡಿಸಿದ ಹುಡುಗ.

ನಾನು ಕಿರುಚಿದೆ. ನಾನು ಹಾಗೆ ಹೇಳಿಲ್ಲ, ಚೀಲ ನನ್ನದು, ತಕ್ಕಡಿ ನನ್ನದು, ಎಲ್ಲ ನನ್ನದು ಅಂತ ಕಿರುಚಿದೆ. ಆಗ ಆ ನಯದ ಮನುಷ್ಯ ಹೇಳಿದ್ದು ಇಷ್ಟು: "ಸಹಿ ನಿಮ್ಮದೇ ಅಲ್ವಾ ಮೇಡಂ?" ಅಕ್ಕ ಹೋಗಿ ಮತ್ತೆ ಮೇಡಂ ಆಗಿದ್ದೆ.

ಆಮೇಲಿನದು ಬೇಗ ಹೇಳುತ್ತೇನೆ. ಮಧ್ಯಾಹ್ನ ಪರೀಕ್ಷೆಯ ಕಿಟ್ ಬಂತು. ಪುಡಿಗೆ ಅದರ ಹನಿ ಹಾಕಿ ನೋಡಿದರು, ಮಾದಕ ವಸ್ತು ಅಂತ ತೋರಿಸುವ ಬಣ್ಣ ಏನೂ ಬರಲಿಲ್ಲ. ಮೂರನೇ ಸಲಕ್ಕೆ ಅಂಗಡಿಯವರು ಫೋನ್ ಎತ್ತಿ ಹೌದು ಪಟಿಕವೇ ಅಂದರು. ಹಿರಿಯ ಅಧಿಕಾರಿಯೊಬ್ಬರು ಬಂದು ಚಿಟಿಕೆ ಪುಡಿ ಮುಟ್ಟಿ ನೋಡಿ, "ಪಟಿಕ ಕಣ್ರೀ ಇದು" ಅಂದರು. ಮೂರುವರೆಗೆ ಬಿಟ್ಟರು. ಒಟ್ಟು ಐದು ತಾಸು ಅಲ್ಲೇ ಇದ್ದೆವು. ಕ್ಷಮಿಸಿ ಅಂತ ಒಬ್ಬರೂ ಹೇಳಲಿಲ್ಲ. ಆ ಕಾಗದ ಕೊಡಿ ಅಂದೆ. "ಅದು ವೇಸ್ಟ್ ಪೇಪರ್, ಬಿಡಿ" ಅಂದರು. ವೇಸ್ಟ್ ಆದರೆ ನನ್ನ ಎದುರೇ ಹರಿಯಿರಿ ಅಂದೆ. ಹರಿಯಲಿಲ್ಲ.

ಕಿಟ್ಟಿನಲ್ಲಿ ಅಪ್ಪಿತಪ್ಪಿ ಏನಾದರೂ ಬಣ್ಣ ಬಂದಿದ್ದರೆ? ಬೇರೆ ಬೇರೆ ವಸ್ತುಗಳೂ ಒಂದೇ ಬಣ್ಣ ತೋರಿಸಬಹುದಂತೆ, ಅದು ಅನುಮಾನಕ್ಕೆ ಮಾತ್ರ, ಲ್ಯಾಬ್ ವರದಿಯೇ ಕೊನೆ. ವರದಿ ಬರುವವರೆಗೆ ಎಲ್ಲಿರಬೇಕು ನಾವು? 2010ರಲ್ಲಿ ಭೋಪಾಲ್ ವಿಮಾನ ನಿಲ್ದಾಣದಲ್ಲಿ ಒಬ್ಬರ ಚೀಲದಲ್ಲಿದ್ದ ಮಾವಿನಕಾಯಿ ಪುಡಿ, ಮಸಾಲೆ ಪುಡಿಯನ್ನು ಯಂತ್ರ ಹೆರಾಯಿನ್ ಅಂತ ತೋರಿಸಿ, ಅವರು 57 ದಿನ ಜೈಲಿನಲ್ಲಿದ್ದರು. ವರ್ಷಗಳ ಮೇಲೆ ಹೈಕೋರ್ಟ್ 10 ಲಕ್ಷ ಪರಿಹಾರ ಕೊಡಿಸಿತು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಸೋಮವಾರದ ಹೊತ್ತಿಗೆ ಫೋಟೋ ವಾಟ್ಸ್ಯಾಪಿನಲ್ಲಿ ಓಡಾಡುತ್ತಿತ್ತು. ಟೇಬಲ್ ಮೇಲೆ ಬಿಳಿ ಕವರುಗಳು, ಹಿಂದೆ ತಲೆ ತಗ್ಗಿಸಿದ ನಾನು. ಮಡಿಕೇರಿಯ ಶುಕ್ರವಾರದ ಸಂತೆಯಲ್ಲಿ, ವರ್ಷಗಳಿಂದ ಪರಿಚಯ ಇರುವ ತರಕಾರಿಯವರು ಚಿಲ್ಲರೆ ಕೊಡುವಾಗ ನನ್ನ ಮುಖ ನೋಡಲಿಲ್ಲ. ಏನಾಯಿತು ಅಂತ ಕೇಳಿದ್ದರೆ ಹೇಳುತ್ತಿದ್ದೆ. ಕೇಳಲೂ ಇಲ್ಲ.

ಅಂಗಡಿಯವರಿಗೆ ಫೋನ್ ಮಾಡಿ, ಕವರಿನ ಮೇಲೆ ಹೆಸರು ಯಾಕೆ ಬರೆಯಲಿಲ್ಲ ಅಂತ ಕೇಳಿದೆ. "ನಾವು ಎಲ್ಲರಿಗೂ ಹಾಗೇ ಕೊಡೋದು ಮೇಡಂ, ಯಾರಿಗೂ ಏನೂ ಆಗಿಲ್ಲ" ಅಂದರು. ನನಗೆ ಆಯಿತಲ್ಲ? "ಮುಂದಿನ ಸಲ ಬಂದಾಗ ಸ್ವಲ್ಪ ಕಮ್ಮಿ ಮಾಡ್ಕೊಡ್ತೀನಿ ಬಿಡಿ." ಕಮ್ಮಿ ಮಾಡಿಕೊಡಿ ಅಂತ ನಾನು ಫೋನ್ ಮಾಡಿದ್ದಲ್ಲ.

ವಕೀಲರಾಗಿರುವ ನೆಂಟರೊಬ್ಬರು ಹೇಳಿದ್ದನ್ನು ನಿಮಗೂ ಹೇಳುತ್ತೇನೆ, ಮೊದಲೇ ಗೊತ್ತಿದ್ದರೆ ನಾನು ಸಹಿ ಹಾಕುತ್ತಿರಲಿಲ್ಲ. ತನಿಖೆಯಲ್ಲಿ ಪೊಲೀಸರಿಗೆ ಕೊಟ್ಟ ಹೇಳಿಕೆಗೆ ಹೇಳಿದವರ ಸಹಿ ಹಾಕಿಸುವಂತೆಯೇ ಇಲ್ಲ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 181ನೇ ಕಲಂನಲ್ಲಿ ಹಾಗಂತ ಇದೆ. ಸಾಮಾನು ಜಪ್ತಿ ಮಾಡಿದ ಪಟ್ಟಿಗೆ ಸಹಿ ಕೇಳುವುದು ಬೇರೆ, ಅದನ್ನೂ ಓದಿಯೇ ಹಾಕಬೇಕು, ಪ್ರತಿ ಕೇಳಬೇಕು. ಜಪ್ತಿಯನ್ನು ವಿಡಿಯೋ ಮಾಡಬೇಕು ಅಂತಲೂ 2024ರ ಜುಲೈನಿಂದ ಕಾನೂನು ಇದೆ. ಮೈ ತಪಾಸಣೆ ಮಾಡುವುದಾದರೆ ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟ್ ಎದುರು ಮಾಡಿ ಅಂತ ಕೇಳಬಹುದು. ಮಾದಕ ವಸ್ತುಗಳ ಕಾಯ್ದೆ, ಅಂದರೆ ಎನ್‌ಡಿಪಿಎಸ್ ಕಾಯ್ದೆಯ 50ನೇ ಕಲಂ ಪ್ರಕಾರ ಈ ಹಕ್ಕನ್ನು ಅವರೇ ನಮಗೆ ತಿಳಿಸಬೇಕು. ಹೆಂಗಸನ್ನು ಹೆಂಗಸೇ ತಪಾಸಣೆ ಮಾಡಬೇಕು. ಆದರೆ ಚೀಲಕ್ಕೆ, ಗಾಡಿಗೆ ಈ 50ನೇ ಕಲಂ ಬರುವುದಿಲ್ಲ, ಅಲ್ಲಿ ವಾದ ಮಾಡಲು ಹೋಗಬೇಡಿ.

ಸಾಮಾನಿನ ವಿಷಯಕ್ಕೆ ಬಂದರೆ, ಪ್ರತಿ ಕವರಿನ ಮೇಲೂ ಅಂಗಡಿಯಲ್ಲೇ ಹೆಸರು ಬರೆಸಿ, ಬಿಲ್ಲಿನಲ್ಲಿ ಒಂದೊಂದನ್ನೂ ಬರೆಸಿ. ತಕ್ಕಡಿ, ಜಿಪ್ ಕವರು, ಪುಡಿ ಮೂರನ್ನೂ ಒಂದೇ ಚೀಲದಲ್ಲಿ ಇಡಲೇಬೇಡಿ. ಬಣ್ಣ ಹಾಕಿದ ಬಟ್ಟೆಯ ಫೋಟೋ ಫೋನಿನಲ್ಲಿ ಇರಲಿ. ನನ್ನ ಫೋನಿನಲ್ಲಿ ಇನ್ನೂರು ಫೋಟೋ ಇತ್ತು, ಗಾಬರಿಯಲ್ಲಿ ತೋರಿಸುವುದು ಹೊಳೆಯಲೇ ಇಲ್ಲ.

ಆ ಕಾಗದಕ್ಕಾಗಿ ಎರಡು ಸಲ ಹೋಗಿ ಬಂದೆ. ಮೊದಲ ಸಲ "ಸಾಹೇಬ್ರು ಇಲ್ಲ" ಅಂದರು. ಎರಡನೇ ಸಲ "ಅಂಥಾ ಕಾಗದನೇ ಇಲ್ಲ" ಅಂದರು. ಇಲ್ಲ ಅನ್ನುವುದನ್ನೇ ಬರೆದು ಕೊಡಿ ಅಂತ ಅರ್ಜಿ ಕೊಟ್ಟು, ಸ್ವೀಕೃತಿ ಹಾಕಿಸಿಕೊಂಡು ಬಂದಿದ್ದೇನೆ. ಅಕ್ಕನ ಮಗ ಹೋದ ವಾರ ಕೂದಲು ಕತ್ತರಿಸಿಕೊಂಡ. ಯಾಕೋ ಅಂತ ಕೇಳಿದೆ. "ಸುಮ್ನೆ ಚಿಕ್ಕಮ್ಮ" ಅಂದ. ಸೋಮವಾರ ಮತ್ತೆ ಹೋಗುತ್ತೇನೆ.