ನನ್ನ ಬಾಡಿಗೆ ಕರಾರು ಗೂಗಲ್‌ನಲ್ಲಿ ಸಿಕ್ಕಿತು

ಅಪ್ಪ ಮೇಷ್ಟ್ರಾಗಿದ್ದವರು. ಅವರ ಬಗ್ಗೆ ಹಿಂದೊಮ್ಮೆ ಪೇಪರಿನಲ್ಲಿ ಬಂದಿದ್ದನ್ನು ಹುಡುಕೋಣ ಅಂತ ಪೂರ್ತಿ ಹೆಸರನ್ನು ಡಬಲ್ ಕೋಟ್ಸ್ ಒಳಗೆ ಹಾಕಿ ಗೂಗಲ್ ಮಾಡಿದೆ. ಅದು ಸಿಗಲಿಲ್ಲ. ಸಿಕ್ಕಿದ್ದು ಒಂದು ಪಿಡಿಎಫ್. ತೆರೆದರೆ ಇ-ಸ್ಟಾಂಪ್ ಕಾಗದ, ನನ್ನ ಹೆಸರು, 'ಬಿನ್' ಅಂತ ಅಪ್ಪನ ಹೆಸರು. ಬೆಂಗಳೂರಿನ ನನ್ನ ಮನೆಯ ಬಾಡಿಗೆ ಕರಾರು! ಕೊನೆಯಲ್ಲಿ ಆಧಾರ್, ಪ್ಯಾನ್ ಜೆರಾಕ್ಸ್. ಆಧಾರ್ ಮೇಲೆ "ಬಾಡಿಗೆ ಕರಾರಿಗೆ ಮಾತ್ರ" ಅಂತ ನಾನೇ ಅಡ್ಡಡ್ಡ ಬರೆದು ಸಹಿ ಹಾಕಿದ್ದೆ. ಈಗ ಸಹಿಯೂ ಪುಕ್ಕಟೆ.

ಕರಾರು ಮಾಡಿಕೊಟ್ಟಿದ್ದು ಒಂದು ಆನ್‌ಲೈನ್ ಏಜೆನ್ಸಿ. ಲಿಂಕಿನ ಕೊನೆಯಲ್ಲಿದ್ದ ಫೈಲ್ ಹೆಸರು ಅಳಿಸಿ ಎಂಟರ್ ಒತ್ತಿದೆ. 'ಇಂಡೆಕ್ಸ್ ಆಫ್' ಅಂತ ಇಡೀ ಫೋಲ್ಡರೇ ತೆರೆದುಕೊಂಡಿತು. ಸಾಲು ಸಾಲು ಹೆಸರು, ಎಲ್ಲವೂ ಯಾರ್ಯಾರದೋ ಕಾಗದ. ಕೈ ನಡುಗಿತು, ಮುಚ್ಚಿಬಿಟ್ಟೆ.

ಫೋನ್ ಮಾಡಿದರೆ ಆ ಕಡೆಯ ಹುಡುಗ, "ಆ ಲಿಂಕ್ ಯಾರಿಗೂ ಗೊತ್ತಿರಲ್ಲ ಬಿಡಿ ಸರ್" ಅಂದ. ಗೂಗಲ್‌ಗೆ ಗೊತ್ತಾಗಿದೆಯಲ್ಲಪ್ಪ! ಲಾಗಿನ್ ಕೇಳದ ಫೈಲಿಗೆ ಎಲ್ಲಾದರೂ ಒಂದು ಲಿಂಕ್ ಕಂಡರೆ ಸಾಕು, ಅದರ ಕ್ರಾಲರ್ (ವೆಬ್ ಪುಟಗಳನ್ನು ತಾನಾಗಿ ಹುಡುಕಿ ಓದುವ ಪ್ರೋಗ್ರಾಂ) ಒಳಗೆ ಬಂದು ಓದುತ್ತದೆ. ಸ್ಕ್ಯಾನ್ ಮಾಡಿದ ಪಿಡಿಎಫ್‌ನ ಅಕ್ಷರಗಳನ್ನೂ ಬಿಡುವುದಿಲ್ಲ.

ಎರಡು ದಿನದ ಮೇಲೆ ಅವರು ಮಾಡಿದ್ದೇನು ಗೊತ್ತಾ? ಕ್ರಾಲರ್‌ಗಳಿಗೆ ಸೂಚನೆ ಬರೆದಿಡುವ 'ರೋಬೋಟ್ಸ್ ಡಾಟ್ ಟಿಎಕ್ಸ್‌ಟಿ' ಫೈಲಿನಲ್ಲಿ ಆ ಫೋಲ್ಡರಿನ ಹೆಸರು ಬರೆದು, ಇಲ್ಲಿಗೆ ಬರಬೇಡಿ ಅಂದರು. ಅದು ಬರೀ ಬೋರ್ಡು, ಬೀಗ ಅಲ್ಲ. ಆ ಫೈಲನ್ನು ಯಾರು ಬೇಕಾದರೂ ಓದಬಹುದು. ಕಳ್ಳನಿಗೆ ದಾರಿ ತೋರಿಸಿದ ಹಾಗೆ ಅಲ್ವಾ?

ಸ್ಕ್ರೀನ್‌ಶಾಟ್ ಸಮೇತ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ಗೂ ಮೇಲ್ ಹಾಕುತ್ತೇನೆ ಅಂದ ಮೇಲೆ ಫೈಲುಗಳು ಹೋದವು. ಆದರೂ ಗೂಗಲ್ ಫಲಿತಾಂಶದಲ್ಲಿ ನನ್ನ ಮನೆ ವಿಳಾಸದ ಎರಡು ಸಾಲು ಹಾಗೇ ಇತ್ತು. ಗೂಗಲ್‌ನದೇ 'ರಿಫ್ರೆಶ್ ಔಟ್‌ಡೇಟೆಡ್ ಕಂಟೆಂಟ್' ಪುಟದಲ್ಲಿ ಲಿಂಕ್ ಕೊಟ್ಟ ಮೇಲೆ ಅದೂ ಹೋಯಿತು. ಅಷ್ಟರಲ್ಲಿ ಯಾರು ಇಳಿಸಿಕೊಂಡರೋ, ದೇವರೇ ಬಲ್ಲ.

ಈಗ ಎಲ್ಲಿ ಕೇಳಿದರೂ ಮೊದಲು ಮಾಸ್ಕ್ಡ್ ಆಧಾರ್ ಕೊಟ್ಟು ನೋಡುತ್ತೇನೆ. ಆಧಾರ್ ಕೊಡುವ ಯುಐಡಿಎಐ ವೆಬ್‌ಸೈಟಿನಲ್ಲೇ ಸಿಗುತ್ತದೆ, ಮೊದಲ 8 ಅಂಕಿ ಕಾಣುವುದಿಲ್ಲ. ನನ್ನ ಬೆರಳಚ್ಚು, ಕಣ್ಣಿನ ಗುರುತನ್ನು ಬೇರೆಯವರು ಬಳಸದ ಹಾಗೆ ಬಯೋಮೆಟ್ರಿಕ್ ಲಾಕ್ ಕೂಡ ಅಲ್ಲೇ ಮಾಡಿಕೊಂಡೆ. ನೀವೂ ಒಮ್ಮೆ ನಿಮ್ಮ ಹೆಸರು, ಅಪ್ಪನ ಹೆಸರು ಕೋಟ್ಸ್‌ನಲ್ಲಿ ಹಾಕಿ ಹುಡುಕಿ. ಆಧಾರ್ ನಂಬರ್ ಮಾತ್ರ ಸುಮ್ನೆ ಅಲ್ಲಿ ಟೈಪ್ ಮಾಡಲು ಹೋಗಬೇಡಿ.

ಮನೆ ಓನರ್ ಅಂಕಲ್‌ಗೂ ಹೇಳಿದೆ, ಅವರ ಪ್ಯಾನ್ ಕೂಡ ಅದರಲ್ಲಿತ್ತಲ್ಲ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಯ್ಯೋ, ನನ್ನ ಸೈಟಿನ ಕಾಗದಾನೂ ಅವರಿಗೇ ಕೊಟ್ಟಿದೀನಲ್ಲಪ್ಪ" ಅಂದರು.